ಎರಡು ರಸ್ತೆಯ ಸೈಟು

ಚೆಂಡಿಯಾ ಊರಿನ ನಮ್ಮ ಜಮೀನು ನೌಕಾನೆಲೆಗೆ ಹೋದಾಗ, ಪುನರ್ವಸತಿ ಕಾಲೊನಿಯಲ್ಲಿ ಚೀಟಿ ಎತ್ತಿ ಸೈಟು ಕೊಟ್ಟರು. ನೆರೆಮನೆಯಲ್ಲಿ ಒಬ್ಬಳೇ ಇದ್ದವಳನ್ನು ನಾನು ಮಾವಶಿ, ಚಿಕ್ಕಮ್ಮ ಎಂದೇ ಕರೆಯುತ್ತಿದ್ದೆ. ಅವಳಿಗೆ ಸಿಕ್ಕಿದ್ದು ಎರಡು ರಸ್ತೆ ಕೂಡುವ ಮೂಲೆಯ ಸೈಟು. ಎಲ್ಲರ ಕಣ್ಣೂ ಅದರ ಮೇಲೆಯೇ. ನಮಗೆ ಸಿಕ್ಕಿದ್ದು ರಸ್ತೆ ಮುಗಿಯುವಲ್ಲಿ. ಆಚೆ ದಾರಿಯಿಲ್ಲ, ಅದಕ್ಕೇ ಬೆಲೆಯೂ ಇಲ್ಲ.

ವಾರದೊಳಗೆ ಮಾವಶಿ ತನ್ನ ಸೈಟನ್ನು ನಮ್ಮ ಪಕ್ಕದ ಸೈಟಿನವರಿಗೆ ಕೊಟ್ಟು, ಅವರದನ್ನು ತಾನು ತೆಗೆದುಕೊಂಡಳು. ಕಣ್ಣು ಕಾಣದ ನನ್ನ ಅಮ್ಮ ಬೈದಳು: “ಅಲ್ಲಿ ಅಂಗಡಿ ಹಾಕ್ಬಹುದಿತ್ತು. ಎಂತಕೆ ಬಿಟ್ಟೆ ಮಾರಾಯ್ತಿ?”

“ಅಡ್ಡಿಲ್ಲ,” ಎಂದಳು ಮಾವಶಿ. ಯಾವುದಕ್ಕೂ ಅವಳದು ಅದೇ ಮಾತು. ಹೇಳುತ್ತ ಸೆರಗಿಗೆ ಕೈ ಒರೆಸಿಕೊಳ್ಳುವಳು.

ಆ ಮೂಲೆಯಲ್ಲಿ ಮೂರು ಅಂಗಡಿಗಳೆದ್ದವು. ಮಾವಶಿ ಅವುಗಳ ಎದುರಿನಿಂದಲೇ ಕೂಲಿಗೆ ನಡೆದು ಹೋಗುತ್ತಿದ್ದಳು. ಸಂಜೆ ಮೀನು ತಂದು ಸಾರು ಮಾಡಿ, ಮುಳ್ಳು ಬಿಡಿಸಿ ಅಮ್ಮನ ತಾಟಿಗೆ ಹಾಕಿ, ತಾನೂ ಜೊತೆಗೆ ಉಣ್ಣಲು ಕೂರುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ಒಮ್ಮೆ ಕೇಳಿದೆ: “ನಮ್ಮಿಂದ ನಿಂಗೆ ಲುಕ್ಸಾನಾಯ್ತಲ್ಲ ಮಾವಶಿ?”

ಅವಳಿಗೆ ಸಿಟ್ಟೇ ಬಂತು. “ನಿನ್ನಮ್ಮ ಇರೂವರೆಗೆ ನಾ ಒಂದಿನಾನೂ ಒಬ್ಳೇ ಉಣ್ಲಿಲ್ಲ ಮಗಾ,” ಎಂದಳು.