ಕಂದು ಪಂಪಿನ ವಿರುದ್ಧ ಗೆದ್ದ ವಾದ

ಸುಮಕ್ಕ, ನಿನ್ನ ಕಂದು ಪಂಪನ್ನು ಬಿಡಿಸಿದವನು ನಾನು. ಉಬ್ಬಸ ಬಾರದಂತೆ ದಿನಾ ಉಸಿರಿನೊಂದಿಗೆ ಎಳೆಯಬೇಕಿದ್ದ ಇನ್‌ಹೇಲರಿನ ಆ ಮದ್ದನ್ನು ನೀನು ಮರೆತದ್ದಲ್ಲ — ನಾನು ವಾದಿಸಿ, ಗೆದ್ದು, ಬಿಡಿಸಿದ್ದು.

ಆ ವರ್ಷ ರಾಮಕುಂಜದ ತಾಳಮದ್ದಳೆ ಹತ್ತಿರ ಬಂದಿತ್ತು. ನಾವಿಬ್ಬರೂ ಎದುರು ಬದುರು ಪಾತ್ರಗಳಾಗಿ ಅರ್ಥ ಹೇಳುವವರು. ಕೂತಲ್ಲೇ ಮಾತಿನಲ್ಲಿ ಹೋರಾಡಬೇಕು; ನಿನ್ನ ಸ್ವರವೋ ಒಡೆಯುತ್ತಿತ್ತು.

"ಪಂಪಿನಿಂದಲೇ ಸ್ವರ ಹೋಗುದು," ಎಂದೆ.

"ಬಿಡ್ಬಾರ್ದು ಹೇಳಿದ್ದಾರೆ ಮಾರಾಯ, ಡಾಕ್ಟ್ರು."

"ಈಗ ಉಬ್ಬಸ ಉಂಟಾ?"

"ಇಲ್ಲ."

"ಮತ್ತೆ? ಶತ್ರು ಇಲ್ಲದಲ್ಲಿ ಬಾಣ ಎಂತಕ್ಕೆ? ಸಾಕ್ಷಿ ಕೊಡು!"

"ನಿನ್ನ ಬಾಯಿ ಮುಚ್ಚಿಸುವ ಪಂಪ್ ಒಂದು ಬರ್ಬೇಕು," ಎಂದು ನೀನು ನಕ್ಕೆ. ಮರುದಿನದಿಂದ ಎಳೆಯಲಿಲ್ಲ.

ತಾಳಮದ್ದಳೆಯಲ್ಲಿ ನನ್ನ ಪ್ರಶ್ನೆಗೆ ಉತ್ತರಿಸುತ್ತಿದ್ದ ನೀನು ಅರ್ಧಕ್ಕೇ ಮಾತು ನಿಲ್ಲಿಸಿದೆ. ಸಭೆ ಅದನ್ನೂ ಅಭಿನಯವೆಂದು ತಿಳಿದು ಚಪ್ಪಾಳೆ ತಟ್ಟಿತು. ನಾನು — ಗೆದ್ದೆ ಅಂದುಕೊಂಡೆ. ನಿನ್ನ ತುಟಿ ನೀಲಿಗಟ್ಟಿದ್ದು ಕಂಡದ್ದು ಆಮೇಲೆ.

ಪುತ್ತೂರಿನ ಆಸ್ಪತ್ರೆಯಲ್ಲಿ "ಪಂಪ್ ಯಾಕೆ ಬಿಟ್ಟದ್ದು?" ಎಂದು ಕೇಳಿದರು. "ಮರ್ತುಹೋಯ್ತು," ಎಂದೆ ನೀನು. ಪಕ್ಕದಲ್ಲೇ ನಿಂತಿದ್ದ ನಾನು ಆ ಸುಳ್ಳಿನ ಮರೆಯಲ್ಲೇ ಉಳಿದೆ.

ಈ ವಾರ ಎಂಎಸ್ಸಿ ತರಗತಿಯಲ್ಲಿ ಶ್ವಾಸನಾಳದ ಪಾಠ — ಕೂತಲ್ಲಿ ಕೂರಲಾಗಲಿಲ್ಲ ನನಗೆ! ಧೂಳು ತಾಗಿದ ಒಳಪದರದ ಕೋಶ ಅಪಾಯದ ಸಂಕೇತ ಕಳಿಸುತ್ತದೆ. ರಕ್ಷಣೆಯ ಕೋಶಗಳು ಅದನ್ನು ಹಿಡಿದು ತಮ್ಮ ಸಂಕೇತ ಹೊರಡಿಸುತ್ತವೆ. ಅದು ಮತ್ತೊಂದು ಕೋಶದ ಗ್ರಾಹಕಕ್ಕೆ, ಎಂದರೆ ಸಂಕೇತ ಹಿಡಿಯುವ ಕೊಂಡಿಗೆ, ಅಂಟಿದ್ದೇ ತಡ, ಒಳಗಿನ ಅಣುಗಳು ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸಿ ಜೀನನ್ನೇ ಎಬ್ಬಿಸುತ್ತವೆ — ಊತ, ಕಫ! ಹೊರಗೆ ಒಂದು ಕೆಮ್ಮೂ ಕೇಳಿಸಬೇಕೆಂದಿಲ್ಲ. ಉಬ್ಬಸ ಬಂದಾಗ ಎಳೆಯುವ ನೀಲಿ ಪಂಪ್ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೆ. ಕಂದು ಪಂಪಿನ ಮದ್ದು ಕೋಶದೊಳಗೇ ಹೊಕ್ಕು ಆ ಜೀನುಗಳನ್ನು ಸುಮ್ಮನಾಗಿಸುತ್ತದೆ. ಎಂಥ ಪ್ರತಿವಾದ! ಶತ್ರು ಒಳಗೇ ಇದ್ದ, ಸುಮಕ್ಕ. ಎಲ್ಲರಲ್ಲೂ ಸಾಕ್ಷಿ ಕೇಳುವ ನಾನು ನನ್ನ ಮಾತಿಗೆ ಸಾಕ್ಷಿ ಕೇಳಿರಲೇ ಇಲ್ಲ. ಸ್ವರಕ್ಕೆ ಏನು ಮಾಡಬಹುದೆಂದು ಡಾಕ್ಟರಲ್ಲಿ ಒಮ್ಮೆ ವಿಚಾರಿಸಬಹುದಿತ್ತು — ಮದ್ದು ಎಳೆದ ಮೇಲೆ ಬಾಯಿ ಮುಕ್ಕಳಿಸು ಎನ್ನುತ್ತಿದ್ದರೋ ಏನೋ...

ನಿನ್ನೆ ನಿನ್ನ ಅಮ್ಮ — ನನ್ನ ದೊಡ್ಡಮ್ಮ — ಫೋನಿನಲ್ಲಿ ಹೇಳಿದರು: "ಸುಮ ಪುನಃ ಪಂಪ್ ಬಿಟ್ಟಿದ್ದಾಳೆ. ಶತ್ರು ಇಲ್ಲದಲ್ಲಿ ಬಾಣ ಎಂತಕ್ಕೆ ಕೇಳ್ತಾಳೆ."

ನನ್ನದೇ ಮಾತು. ಇಷ್ಟು ವರ್ಷದ ಮೇಲೂ.

ಭಾನುವಾರ ಬರುತ್ತೇನೆ, ಅಂದು ಪಂಪ್ ಬಿಡಿಸಿದ್ದು ನಾನೇ ಎಂದು ದೊಡ್ಡಮ್ಮನ ಎದುರಿಗೇ ಹೇಳುತ್ತೇನೆ. ನೀನು ಎಷ್ಟು ಬೈದರೂ ಎದುರಾಡುವುದಿಲ್ಲ. ಆದರೆ ಪಂಪ್ ಭಾನುವಾರದವರೆಗೆ ಕಾಯುವುದು ಬೇಡ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಶುರುಮಾಡು — ನನಗೆ ಬೈಯಲಿಕ್ಕಾದರೂ ನಿನ್ನಲ್ಲಿ ಉಸಿರಿರಬೇಕು.