ಹುಳದ ಕಿಟಕಿಗೆ ಹೋದ ಕೆಂಪು ರಗ್ಗು

ಚನ್ನಪಟ್ಟಣದ ಸೀಮೆಯಲ್ಲಿ ಅದೆಂಥ ಚಳಿ ಎಂದು ನಗುವವರು ಆಗಿನ ದಿನಗಳಲ್ಲಿ ಒಂದು ಮಾಗಿಯನ್ನು ರೇಷ್ಮೆ ಹುಳ ಸಾಕುವ ಮನೆಯಲ್ಲಿ ಕಳೆದು ನೋಡಬೇಕಿತ್ತು. ನೀರು ಗಡ್ಡೆ ಕಟ್ಟುತ್ತಿರಲಿಲ್ಲ, ನಿಜ. ಆದರೆ ಬೆಳಗ್ಗೆ ತೊಟ್ಟಿಯ ನೀರಿಗೆ ಬೆರಳಿಟ್ಟರೆ ಮೊಣಕೈವರೆಗೂ ಜುಂ ಎನ್ನುತ್ತಿತ್ತು. ನಾಡಹೆಂಚಿನ ಸಂದಿಯಿಂದ ಇಳಿದ ಗಾಳಿ ಎಲ್ಲೂ ನಿಲ್ಲದೆ ನೇರ ನಮ್ಮ ಕಿವಿಗೇ ಬರುತ್ತಿತ್ತು.

ನಮ್ಮೂರು ಹೊಂಗನೂರಿನ ಪಕ್ಕದಲ್ಲಿ. ದೀಪಾವಳಿ ಕಳೆದು ಹೊಲದಲ್ಲಿ ಅವರೆ ಹೂ ಬಿಡುವ ಹೊತ್ತಿಗೆ ಚಳಿಗೆ ಮನೆ ಅಣಿಮಾಡುವ ಕೆಲಸ ಶುರುವಾಗುತ್ತಿತ್ತು. ಅವ್ವ ಕೆಮ್ಮಣ್ಣಿಗೆ ಸಗಣಿ ಕಲಸಿ ಗೋಡೆಯ ಬಿರುಕುಗಳಿಗೆ ಮೆತ್ತುತ್ತಿದ್ದಳು. ಅಪ್ಪ ಏಣಿ ಹತ್ತಿ ಹೆಂಚಿನ ಅಡಿಗೆ ಹುಲ್ಲು ತುರುಕುತ್ತಿದ್ದ. ಅಣ್ಣನೂ ನಾನೂ ರಾಗಿ ಗಂಜಿ ಬಳಿದು ಕಿಟಕಿಗೆ ಹಳೇ ಪೇಪರು ಅಂಟಿಸುತ್ತಿದ್ದೆವು, ಅದರ ಮೇಲೆ ಗೋಣಿತಾಟು. ಕರೆಂಟು ಯಾವಾಗ ಕೈಕೊಡುತ್ತದೋ ಎಂದು ಮೂಟೆಗಟ್ಟಲೆ ಇದ್ದಿಲು ಬಂದು ಮೂಲೆ ಸೇರುತ್ತಿತ್ತು. ಸೊಸೈಟಿಯ ಸೀಮೆಎಣ್ಣೆಯನ್ನು ಅವ್ವ ಕೈಹಿಡಿದು ಬಳಸಿ ಉಳಿಸುತ್ತಿದ್ದಳು. ಲಾಟೀನಿನ ಗಾಜನ್ನು ಬೂದಿಯಲ್ಲಿ ಉಜ್ಜುವ ಕೆಲಸ ನನ್ನದು, ಯಾಕೆಂದರೆ ಅದರೊಳಗೆ ಹೋಗುವಷ್ಟು ಸಣ್ಣ ಕೈ ನನಗೆ ಮಾತ್ರ ಇತ್ತು.

ಇಷ್ಟೆಲ್ಲ ಯಾರಿಗೆ? ನಮಗಲ್ಲ. ಮನೆಯಲ್ಲಿದ್ದ ಒಂದೇ ಒಂದು ಒಳ್ಳೆ ಕೋಣೆಗೆ, ಅಂದರೆ ಹುಳದ ಕೋಣೆಗೆ. ಮೊಟ್ಟೆಯೊಡೆದ ಮರಿಹುಳಕ್ಕೆ ಶೀತ ತಗುಲಿದರೆ ಬೆಳೆಯೇ ಹೋಯಿತು ಎಂದು ಆ ಕೋಣೆಗೆ ಗೋಣಿತಾಟು, ಆ ಕೋಣೆಗೆ ಇದ್ದಿಲು, ಅಪ್ಪ ಪೇಟೆಯಿಂದ ತಂದ ಕಾಯಿಲ್ ಹೀಟರೂ ಆ ಕೋಣೆಗೇ. ನಾವು ನಾಲ್ಕು ಜನ ಗಾಳಿಯಾಡುವ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮುದುರಿ ಮಲಗುತ್ತಿದ್ದೆವು.

ನನಗೆ ಆ ಹುಳಗಳನ್ನು ಕಂಡರೆ ಹೊಟ್ಟೆಕಿಚ್ಚು. ಸುಮ್ಮನೆ ಮಕ್ಕಳಾಟದ ಮುನಿಸಲ್ಲ, ಮೈಯೆಲ್ಲ ಉರಿಯುವಂಥ ಹೊಟ್ಟೆಕಿಚ್ಚು. ನನ್ನ ತಲೆ ಬಾಚುವಾಗ ಕೂದಲು ಬೇರುಸಮೇತ ಕಿತ್ತುಬರುವಂತೆ ಎಳೆಯುತ್ತಿದ್ದ ಅವ್ವ, ಮರಿಹುಳಗಳನ್ನು ಕೋಳಿಪುಕ್ಕದಲ್ಲಿ ಸವರಿ ಸವರಿ ತಟ್ಟೆಗೆ ಇಳಿಸುತ್ತಿದ್ದಳು. ನನಗೆ ತುತ್ತು ಮಾಡಿ ಕೊಡುವುದನ್ನು ಯಾವತ್ತೋ ಬಿಟ್ಟಿದ್ದವಳು ಅವುಗಳಿಗೆ ಎಳೇ ಹಿಪ್ಪುನೇರಳೆ ಸೊಪ್ಪನ್ನು ಎಳೆಎಳೆಯಾಗಿ ಹೆಚ್ಚಿ ಉದುರಿಸುತ್ತಿದ್ದಳು. ಘಾಟು ಅವಕ್ಕೆ ಆಗದು ಎಂದು ಮನೆಯಲ್ಲಿ ಒಗ್ಗರಣೆಯೇ ಬಂದ್. ಹಿತಕಿದ ಬೇಳೆ ಸಾರಿನ ಕಾಲದಲ್ಲಿ ನಾವು ಸಪ್ಪೆ ಸಾರು ಉಣ್ಣಬೇಕು. ನಾನು ಮುಖಕ್ಕೆ ಪೌಡರು ಹಾಕುವ ಹಾಗಿಲ್ಲ. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ಅವು ಜ್ವರಕ್ಕೆ ಕೂತರೆ ಮನೆಯವರೆಲ್ಲ ಪಿಸುಮಾತು. ನನಗೆ ಜ್ವರ ಬಂದಾಗ ಒಂದು ಮಾತ್ರೆ ನುಂಗಿಸಿ ಸ್ಕೂಲಿಗೆ ಕಳಿಸಿದ್ದರು.

ನನ್ನದು ಅಂತ ಇದ್ದದ್ದು ಒಂದೇ. ಒಂದು ಕೆಂಪು ರಗ್ಗು, ಅಂಚಿಗೆ ಕಪ್ಪು ಪಟ್ಟಿ. ಅಣ್ಣನ ಜೊತೆ ಒಂದೇ ಕಂಬಳಿಯಲ್ಲಿ ಮಲಗಿ, ಅವನು ರಾತ್ರಿಯೆಲ್ಲ ಎಳೆದುಕೊಂಡು, ನಾನು ಬೆಳಗ್ಗೆ ಜಗಳ ತೆಗೆದು, ಸಾಕಾಗಿ ಅಪ್ಪ ಪೇಟೆಯಿಂದ ತಂದುಕೊಟ್ಟದ್ದು. ನಾನಾಗ ಮೂರನೇ ಕ್ಲಾಸು. ಆ ರಗ್ಗನ್ನು ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಹಗಲು ಮಡಿಸಿ ಅದರ ಮೇಲೇ ಕೂತು ಪಾಠ ಓದುತ್ತಿದ್ದೆ.

ಆ ವರ್ಷ ಹುಳ ಎರಡನೇ ಜ್ವರಕ್ಕೆ ಕೂತಿದ್ದವು. ಎಲ್ಲಿಯೋ ಸಮುದ್ರದಲ್ಲಿ ಎದ್ದ ಸೈಕ್ಲೋನು ನಮ್ಮೂರಿಗೆ ಜಿನುಗು ಮಳೆ, ಕೊರೆಯುವ ಗಾಳಿ ತಂದಿತು. ಕೆರೆ ಏರಿಯ ಮೇಲಿನ ಲೈಟುಕಂಬ ಮಗುಚಿಕೊಂಡಿತು. ಕರೆಂಟು ಹೋದದ್ದು ಮಾರನೇ ದಿನವೂ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ಹೀಟರು ಸತ್ತ ಹಾವಿನ ಹಾಗೆ ಮೂಲೆಯಲ್ಲಿ ಬಿದ್ದಿತ್ತು. ಅವ್ವ ಅಂಗಳದಲ್ಲಿ ಇದ್ದಿಲು ಹೊತ್ತಿಸಿ, ಹೊಗೆ ಆರಿದ ಮೇಲೆ ಕೆಂಡದ ಅಗ್ಗಿಷ್ಟಿಕೆಗಳನ್ನು ಒಳಗೆ ಒಯ್ದು ಇಡುತ್ತಿದ್ದಳು. ಸಂಜೆ ಹೊತ್ತಿಗೆ ಕಿಟಕಿಯ ಪೇಪರೂ ಗೋಣಿತಾಟೂ ಇರಚಲಿಗೆ ನೆನೆದು ಜೋತುಬಿದ್ದವು. ಅಪ್ಪ ನಡುಮನೆಗೆ ಬಂದು ಸುತ್ತ ನೋಡಿದ. ಅವನ ಕಣ್ಣು ಎಲ್ಲಿ ನಿಂತಿತು ಎಂದು ನನಗೆ ತಕ್ಷಣ ಗೊತ್ತಾಯಿತು. ರಗ್ಗನ್ನು ಎದೆಗೆ ಅವುಚಿಕೊಂಡೆ.

"ಒಸಿ ದಿನ ಕಣಮ್ಮಿ. ಹುಳ ದಾಟ್ಕಂಡ್ರೆ ಬಿಚ್ಚಿ ಕೊಟ್ಬುಡ್ತೀನಿ" ಎಂದ ಅಪ್ಪ.

"ಕೊಡಾಕಿಲ್ಲ. ಇದು ನಂದು."

ಅವ್ವ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಬಂದಳು. "ಅವು ಬಾಯಿಲ್ಲದೋವು ಕಣವ್ವ. ಚಳಿ ಆಯ್ತದೆ ಅಂತ ಹೇಳ್ಕಳಾಕೆ ಆಗಕಿಲ್ಲ. ನಿಂಗಾದ್ರೆ ಬಾಯೈತೆ."

"ನಂಗೂ ಚಳಿ ಐತೆ! ಹೇಳ್ತಾನೇ ಇವ್ನಿ!"

ಬಾಯಿದ್ದೂ ಏನು ಬಂತು? ರಗ್ಗು ಕಿಟಕಿಗೆ ಹೋಯಿತು. ನಾಲ್ಕು ಮೂಲೆಗೂ ಅಪ್ಪ ಮೊಳೆ ಹೊಡೆದ. ಒಂದೊಂದು ಏಟಿಗೂ ನಾನು ಒಂದೊಂದು ಸಲ ಕಿರುಚಿದೆ. ಅಣ್ಣ ನಗುತ್ತ, "ಮುಂದಿನ್ ಜಲ್ಮಕ್ಕೆ ಹುಳ ಆಗಿ ಹುಟ್ಟು, ಬೆಚ್ಚಗಿರ್ಬೋದು" ಎಂದ. ನಾನು ಆ ಮಾತನ್ನು ತಮಾಷೆ ಅಂದುಕೊಳ್ಳಲೇ ಇಲ್ಲ. ಹುಳ ಆದರೆ ಸ್ಕೂಲೂ ಇರುವುದಿಲ್ಲ ಎಂದು ಲೆಕ್ಕ ಹಾಕಿದೆ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಕೆಂಡ ನೋಡಿಕೊಳ್ಳಲು ಅವ್ವ ಹುಳದ ಕೋಣೆಯಲ್ಲೇ ಮಲಗುತ್ತಾಳೆ ಎಂದಾಯಿತು. ಒಂದು ಮಗ್ಗುಲಿಗೆ ಅಣ್ಣ ಇದ್ದರೂ, ಇನ್ನೊಂದು ಮಗ್ಗುಲಿಗೆ ಅವ್ವ ಇಲ್ಲದೆ ನಾನು ಹುಟ್ಟಿದಾಗಿನಿಂದ ಮಲಗಿದವಳಲ್ಲ. "ನಾನೂ ಒಳಿಕ್ ಬತ್ತೀನಿ" ಎಂದು ಚಾಪೆ ಸುತ್ತಿಕೊಂಡು ಹೊರಟೆ.

"ಬ್ಯಾಡ" ಎಂದಳು ಅವ್ವ.

"ಮೂಲೇಲಿ ಮುದ್ರುಕಂಡಿರ್ತೀನಿ. ಮುಟ್ಟಾಕಿಲ್ಲ."

"ಬ್ಯಾಡ ಅಂದ್ನಲ್ಲ. ಹೊಸ್ಲು ದಾಟಿದ್ರೆ ಕಾಲು ಮುರೀತೀನಿ."

ಅವ್ವ ಹಾಗೆ ಗದರುವವಳಲ್ಲ. ರಗ್ಗು ಹೋದದ್ದು ಹೋಗಲಿ, ಅವ್ವನನ್ನೂ ಆ ಹುಳಗಳು ತೆಗೆದುಕೊಂಡವು ಎಂದು ನನಗೆ ಅವತ್ತು ಖಾತ್ರಿಯಾಯಿತು. ಕಂಬಳಿಯೊಳಗೆ ಅಣ್ಣನ ಬೆನ್ನಿಗೆ ಬೆನ್ನು ತಾಗಿಸಿ ಅಳುತ್ತ ಮಲಗಿದೆ.

ಕೋಳಿ ಕೂಗಿದಾಗ ಎಚ್ಚರವಾಯಿತು. ನಸುಬೆಳಕಿನಲ್ಲಿ ಹುಳದ ಕೋಣೆಯ ಕಡೆ ನೋಡಿದರೆ ಬಾಗಿಲು ಅರ್ಧ ತೆರೆದಿತ್ತು. ಅವ್ವ ಹೊಸ್ತಿಲಿಗೆ ಅಡ್ಡ ಬಿದ್ದುಕೊಂಡಿದ್ದಳು. ಸೊಂಟದಿಂದ ಕೆಳಗಿನ ಮೈ ಕೋಣೆಯೊಳಗೆ, ತಲೆ ಎದೆ ಹೊರಗೆ ನಮ್ಮ ನಡುಮನೆಯ ತಣ್ಣನೆ ನೆಲದ ಮೇಲೆ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. ನನಗೆ ರೇಗಿಹೋಯಿತು. ಇರುವ ಬೆಚ್ಚಗಿನ ಜಾಗವನ್ನೂ ಹುಳಕ್ಕೇ ಬಿಟ್ಟು ಇವಳು ಇಲ್ಲಿ ನಡುಗುತ್ತಿದ್ದಾಳಲ್ಲ! ಅವಳನ್ನು ದಾಟಿ ಒಳಗೆ ಕಾಲಿಡಬೇಕು, ಅಷ್ಟರಲ್ಲಿ ನನ್ನ ಕಾಲು ಹಿಡಿದುಕೊಂಡಳು.

"ಒಳಿಕ್ಕೋಗ್ಬ್ಯಾಡ."

"ನಿಂಗೆ ಆ ಹುಳಾನೇ ಮಕ್ಳು. ನಾನಲ್ಲ" ಎಂದೆ.

ಅವ್ವ ನನ್ನ ಕೈ ಹಿಡಿದು ಕೆಳಕ್ಕೆ ಎಳೆದುಕೊಂಡಳು. ತನ್ನ ಪಕ್ಕದಲ್ಲೇ ಅಡ್ಡ ಮಲಗಿಸಿ, ತಲೆ ನಡುಮನೆಯ ಕಡೆಗಿರಲಿ ಎಂದು ತಾನೇ ಸರಿಸಿ, ಸೆರಗು ಹೊದಿಸಿದಳು. ಸೆರಗಿನಲ್ಲಿ ಸೊಪ್ಪಿನ ವಾಸನೆ, ಕೆಂಡದ ವಾಸನೆ.

"ಬಾಗ್ಲು ಮುಚ್ಚಿ ಕೆಂಡ ಮಡಗಿದ್ರೆ ಆ ಗಾಳಿ ಕೆಟ್ಟದ್ದು ಕಣಮ್ಮಿ. ನಿದ್ದೆ ಬಂದಂಗೇ ಇರ್ತದೆ, ಎದ್ದೇಳಾಕೆ ಆಗಕಿಲ್ಲ. ನಂಗೇ ತಲೆ ಸುತ್ಬುಡ್ತು. ತೆವಳ್ಕಂಡು ಇಲ್ಲಿಗ್ ಬಂದೆ."

"ಹುಳಕ್ಕೆ?"

"ಅವುಕ್ಕೂ ಆಗಕಿಲ್ಲ. ಬಾಗ್ಲು ಪೂರಾ ತೆಗುದ್ರೆ ಸೀತ, ಮುಚ್ಚುದ್ರೆ ಉಸ್ರು ಕಟ್ತದೆ. ಅದ್ಕೇ ನಾನೇ ಅಡ್ಡ ಬಿದ್ಕಂಡಿವ್ನಿ." ಸೆರಗನ್ನು ನನ್ನ ಕಿವಿಯವರೆಗೂ ಎಳೆದು ಹೇಳಿದಳು, "ಹುಳ ಹೋದ್ರೆ ಇನ್ನೊಂದು ಸಲ ಮೊಟ್ಟೆ ತರ್ಬೋದು. ನಿನ್ನ ಎಲ್ಲಿಂದ ತರಾದು?"

ನಾನು ಅವಳಿಗೆ ಇನ್ನಷ್ಟು ಒತ್ತಿಕೊಂಡೆ. ನನ್ನ ಕಾಲು ಒಳಗೆ ಬೆಚ್ಚಗಿತ್ತು, ಮೂಗಿನ ತುದಿ ಹೊರಗೆ ಮರಗಟ್ಟುತ್ತಿತ್ತು, ನಡುವೆ ಅವ್ವನ ಕೈ ನನ್ನ ಬೆನ್ನ ಮೇಲಿತ್ತು. ಒಳಗಡೆ ಜ್ವರದಿಂದ ಎದ್ದ ಹುಳ ಮೇವಿಗೆ ತಡಕಾಡುತ್ತಿದ್ದವು. ಇರಲಿ, ಕಾಯಲಿ ಎಂದುಕೊಂಡೆ.

ಕರೆಂಟು ಬಂತು. ಹುಳ ಉಳಿದವು, ಬೆಳೆದು ಹಣ್ಣಾದವು, ಗೂಡು ಕಟ್ಟಿ ರಾಮನಗರದ ಮಾರ್ಕೆಟ್ಟಿಗೆ ಹೋದವು. ಮನೆಯಲ್ಲಿ ಒಗ್ಗರಣೆ ಚಟಪಟ ಎಂದಿತು. ಅಪ್ಪ ಮಾತಿನಂತೆ ರಗ್ಗು ಬಿಚ್ಚಿ ಕೊಟ್ಟ. ನಾಲ್ಕು ಮೂಲೆಯಲ್ಲಿ ನಾಲ್ಕು ತೂತು. ಎಷ್ಟು ಸಲ ಒಗೆದರೂ ಹೊಗೆ ವಾಸನೆ ಹೋಗಲಿಲ್ಲ. ನಾನೂ ಹೋಗಲಿ ಎಂದು ಬಯಸಲಿಲ್ಲ.

ಈಗ ನಾನಿರುವುದು ಹಾರೋಹಳ್ಳಿಯಲ್ಲಿ. ಹಳೇ ಮನೆಯ ಜಾಗದಲ್ಲಿ ಅಣ್ಣ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ, ಹುಳಕ್ಕೆ ತೋಟದಲ್ಲೇ ಬೇರೆ ಶೆಡ್ಡು. ಎರಡು ಜ್ವರ ದಾಟಿದ ಹುಳವನ್ನೇ, ಮರಿಹುಳ ಸಾಕಿಕೊಡುವ ಚಾಕಿ ಸೆಂಟರಿನಿಂದ ತರುತ್ತಾರೆ, ಹಸುಗೂಸಿನಂಥ ಹುಳವನ್ನು ಮನೆಯಲ್ಲಿ ಯಾರೂ ಸಾಕುವುದಿಲ್ಲ. ಕರೆಂಟು ಹೋದರೆ ಯುಪಿಎಸ್ಸು. ಚಳಿಗೆ ಮನೆ ಅಣಿಮಾಡುವ ಮಾತೇ ಇಲ್ಲ. ಮಾಗಿ ಬಂದದ್ದು ಕ್ಯಾಲೆಂಡರಿನಲ್ಲಿ ಗೊತ್ತಾಗಬೇಕು.

ಹೋದ ಸಂಕ್ರಾಂತಿಗೆ ಹೋಗಿದ್ದೆ. ಅವ್ವ ಗಟ್ಟಿಯಾಗಿದ್ದಾಳೆ, ಮೊಮ್ಮಕ್ಕಳನ್ನು ಗದರಿಕೊಂಡು ಓಡಾಡುತ್ತಾಳೆ. ಅವಳು ಅಡ್ಡ ಮಲಗಿದ್ದ ಜಾಗ ಎಲ್ಲಿರಬಹುದು ಎಂದು ಮನೆಯೊಳಗೆ ಹುಡುಕಿದೆ. ಒಳಗಿನ ಕೋಣೆಗಳಿಗೆ ಹೊಸ್ತಿಲೇ ಇಲ್ಲ, ಉದ್ದಕ್ಕೂ ನುಣುಪಾದ ಟೈಲ್ಸು. ಬೇಜಾರಾಗಿ ಕೊಟ್ಟಿಗೆಗೆ ಬಂದರೆ, ಹುಟ್ಟಿ ವಾರವಾಗಿದ್ದ ಕರುವಿನ ಮೈಮೇಲೆ ನನ್ನ ಕೆಂಪು ರಗ್ಗು! ಬಣ್ಣ ಕಂದಿದೆ, ಅಂಚಿನ ಪಟ್ಟಿ ಹರಿದಿದೆ, ತೂತುಗಳಿಗೆ ಹುರಿ ಪೋಣಿಸಿ ಕರುವಿನ ಹೊಟ್ಟೆಗೆ ಕಟ್ಟಿದ್ದಾರೆ. ಪಕ್ಕದಲ್ಲಿ ಅವ್ವ ಕುಕ್ಕರುಗಾಲಲ್ಲಿ ಕೂತು ಅದರ ಬೆನ್ನು ತಿಕ್ಕುತ್ತಿದ್ದಳು.

ಮಗಳನ್ನು ಕಾಲೇಜಿಗೆ ಕಳಿಸುವ ವಯಸ್ಸಿನಲ್ಲಿ ನನಗೆ ಕರುವಿನ ಮೇಲೆ ಹೊಟ್ಟೆಕಿಚ್ಚಾಯಿತು.

"ಅದು ನನ್ ರಗ್ಗು ಕಣವ್ವ" ಎಂದೆ.

"ಇರ್ಲಿ ಬುಡು. ಬಾಯಿಲ್ಲದ್ದು. ಚಳಿ ಆದ್ರೆ ಹೇಳ್ಕಳಾಕೆ ಆಗಕಿಲ್ಲ."

"ನಂಗೂ ಚಳಿ ಐತೆ."

ಅವ್ವ ತಿರುಗಿ ನೋಡಲಿಲ್ಲ. "ರೂಮಲ್ಲಿ ಫ್ಯಾನ್ ಆಫ್ ಮಾಡ್ಕಂಡು ಮಲಿಕ್ಕೊ ಮಗಾ" ಎಂದಳು. ಅವಳ ಕೈ ಕರುವಿನ ಬೆನ್ನ ಮೇಲೇ ಇತ್ತು.