ಚೀಲದೊಳಗಿನ ಮಾವ

ನಾನು ಹೊರುವ ಚೀಲದಲ್ಲಿ ಒಬ್ಬ ಮಾವ ಇದ್ದಾನೆ. ಗಾಲ್ಫ್ ಆಡುವವರು ಅವನನ್ನು ತ್ರೀ ಐರನ್ ಅನ್ನುತ್ತಾರೆ. ತೆಳ್ಳಗೆ, ಉದ್ದಕ್ಕೆ, ಬಿಗಿದ ಮುಖದ ಕಬ್ಬಿಣದ ಕೋಲು. ಯಾರ ಕೈಗೂ ಬಗ್ಗುವುದಿಲ್ಲ. ತಪ್ಪಿ ಹೊಡೆದರೆ ಮೊಣಕೈವರೆಗೂ ಜುಂ ಅನ್ನುತ್ತದೆ. ಹಾಗಂತ ಮನೆಯಲ್ಲಿ ಬಿಟ್ಟುಬರುವ ಧೈರ್ಯವೂ ಯಾರಿಗೂ ಇಲ್ಲ. ಹೋದಲ್ಲೆಲ್ಲ ಕರೆದುಕೊಂಡು ಹೋಗಬೇಕು, ಕೆಲಸ ಮಾತ್ರ ಹೇಳಬಾರದು. ಅವನಿಗೆ ಮಾವ ಅಂತ ಹೆಸರಿಟ್ಟವನು ನಾನು. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಹದಿನೇಳು ವರ್ಷ ಬೇಕಾಯಿತು.

ನಾನು ಬೈರಾಪಟ್ಟಣದವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಚನ್ನಪಟ್ಟಣದ ಗೊಂಬೆ ಶೆಡ್ಡಿನಲ್ಲಿ ಮರ ಕಡೆಯಲು ಕೂತೆ. ಮದುವೆಯಾದ ಮೇಲೆ ಮಾಗಡಿ ಕಡೆಯ ಒಂದು ಗಾಲ್ಫ್ ಮೈದಾನಕ್ಕೆ ಹುಲ್ಲು ನೆಡುವ ಕೆಲಸಕ್ಕೆ ಸೇರಿದೆ. ಆಮೇಲೆ ಕ್ಯಾಡಿಯಾದೆ. ಆಡುವವರ ಚೀಲ ಹೊರುವುದು, ಚೆಂಡು ಹುಡುಕುವುದು, ಕೇಳಿದ ಕೋಲನ್ನು ಕೈಗೆ ಇಡುವುದು, ಇಷ್ಟೇ ಕೆಲಸ. ಇಷ್ಟೇ ಅನ್ನುವವರು ಒಂದು ದಿನ ಬಿಸಿಲಲ್ಲಿ ಹೊತ್ತು ನೋಡಲಿ.

ಚೀಲದಲ್ಲಿ ಹದಿನಾಲ್ಕು ಕೋಲು. ಹೆಚ್ಚಿನವುಗಳ ಬುಡಕ್ಕೆ ನಂಬರು. ನಂಬರು ಓದಲು ನನಗೆ ಬರುತ್ತಿತ್ತು, ಆದರೆ ಮನಸ್ಸಿಗೆ ಹಿಡಿಸುತ್ತಿರಲಿಲ್ಲ. ಗೊಂಬೆ ಶೆಡ್ಡಿನಲ್ಲಿ ಒಂದೊಂದು ಉಳಿಗೂ ಒಂದೊಂದು ಹೆಸರಿತ್ತು, ಹೆಸರು ಕೂಗಿದರೆ ಅದು ಮಾಡುವ ಕೆಲಸವೇ ಕಣ್ಣ ಮುಂದೆ ಬರುತ್ತಿತ್ತು. ಏಳು ಎಂಟು ಅಂದರೆ ಏನು ಬರುತ್ತದೆ? ಹಾಗಾಗಿ ನನ್ನಷ್ಟಕ್ಕೆ ಹೆಸರಿಡುತ್ತಾ ಹೋದೆ. ದಪ್ಪ ತಲೆಯ ಡ್ರೈವರ್ ಒಳಗೆ ಟೊಳ್ಳು, ಹೊಡೆದರೆ ಡೊಬ್ ಅನ್ನುತ್ತದೆ. ಅದು ಸೋರೆಬುರುಡೆ. ಅದರ ಪಕ್ಕದ್ದು ಮರಿಬುರುಡೆ. ಮರದ್ದೂ ಅಲ್ಲದ, ಕಬ್ಬಿಣದ್ದೂ ಅಲ್ಲದ ಹೈಬ್ರಿಡ್ ಬಂದ ವರ್ಷವೇ ಅದು ಎಡಬಿಡಂಗಿಯಾಯಿತು. ಮರಳುಗುಂಡಿಯಿಂದ ಚೆಂಡು ಎತ್ತುವ ಅಗಲ ಮೂತಿಯದು ಸೌಟು. ಕೊನೆಯಲ್ಲಿ ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಪಟ್ಟರ್ ಹೊಸ ಸೊಸೆ. ಅದಕ್ಕೊಂದು ಮಖಮಲ್ಲಿನ ಮುಸುಕು, ಎಲ್ಲರ ಕೆಲಸ ಮುಗಿದ ಮೇಲೆ ತಲೆ ತಗ್ಗಿಸಿಕೊಂಡು ಹೊರಗೆ ಬರುತ್ತದೆ, ಒಸಿ ಗಟ್ಟಿಯಾಗಿ ಮುಟ್ಟಿದರೂ ಮನೆ ಹಾಳು.

ಮಾವ ಅಂತ ಇಟ್ಟಾಗ ನನ್ನ ಕಣ್ಣ ಮುಂದೆ ಇದ್ದವರು ಹೊಂಗನೂರಿನ ನನ್ನ ಸ್ವಂತ ಮಾವನೇ. ಅದನ್ನು ಹೆಂಡತಿಗೆ ಹೇಳಿರಲಿಲ್ಲ.

ಹೆಸರುಗಳು ಕ್ಯಾಡಿಗಳ ಶೆಡ್ಡಿಗೆಲ್ಲ ಹಬ್ಬಿದವು. ಅವುಗಳಿಂದ ಉಪಯೋಗವೂ ಇತ್ತು. ಎದುರಾಳಿ ಯಾವ ಕೋಲು ತೆಗೆದ ಅನ್ನುವುದು ಆಟದಲ್ಲಿ ದೊಡ್ಡ ಗುಟ್ಟು. ನಾವು ಆ ಕಡೆಯಿಂದ ಈ ಕಡೆಗೆ "ಬುರುಡೆ ಎತ್ತವ್ನೆ ಕಣ್ಲಾ" ಅಂದರೆ ನಮ್ಮವರಿಗೆ ಮಾತ್ರ ತಿಳಿಯುತ್ತಿತ್ತು. ಯಾರು ಇಟ್ಟದ್ದು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊನೆಗೆ ಒಬ್ಬರು ಮಾತ್ರ ಕೇಳಿದರು. ದೊಡ್ಡ ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದ ಯಜಮಾನರು, ಮೈಸೂರು ಕಡೆಯವರು. ನಾವೆಲ್ಲ ಅವರನ್ನು ದೊಡ್ಡವರು ಅನ್ನುತ್ತೇವೆ. ವಾರಕ್ಕೆ ಎರಡು ಬೆಳಿಗ್ಗೆ ಬರುತ್ತಾರೆ, ಚೀಲ ನಾನೇ ಹೊರಬೇಕು. ಅವರದೊಂದು ಪದ್ಧತಿ ಇದೆ. ಕಣ್ಣು ಚೆಂಡಿನ ಮೇಲೆ ಇಟ್ಟು ಕೈಯನ್ನು ಹಿಂದಕ್ಕೆ ಚಾಚುತ್ತಾರೆ. ಯಾವ ಕೋಲು ಅಂತ ಹೇಳುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ನಾನು ಇಟ್ಟದ್ದನ್ನು ಹಿಡಿದು ಆಡುತ್ತಾರೆ. ಹಿಂದಕ್ಕೆ ಚಾಚಿದ ಆ ಕೈ ನೋಡಿದಾಗಲೆಲ್ಲ ಸ್ಕೂಲು ಬಿಟ್ಟವನು ನಾನಲ್ಲ, ಬೇರೆ ಯಾರೋ ಅನ್ನಿಸುತ್ತಿತ್ತು.

ಮೊದಮೊದಲು ಒಂದು ದಿನ ಅವರು ಹಳೆಯ ಕ್ಯಾನ್ವಾಸ್ ಚೀಲ ತಂದರು. ಅವರ ತಂದೆಯ ಕಾಲದ, ಮರದ ಹಿಡಿಯ ಏಳು ಕೋಲು. ಒಂದೊಂದೇ ತೆಗೆದು ಬೆಂಚಿನ ಮೇಲೆ ಇಟ್ಟರು.

"ಇವಕ್ಕೆ ನಂಬರ್ ಇರಲಿಲ್ಲಪ್ಪ. ಹೆಸರು ಮಾತ್ರ. ಇದು ಕ್ಲೀಕ್. ಇದು ಮ್ಯಾಶಿ, ಇದು ನಿಬ್ಲಿಕ್. ಈ ಮರದ ತಲೆಯದು ಸ್ಪೂನ್."

"ಸ್ಪೂನ್ ಅಂದ್ರೆ ಚಮಚ ಅಲ್ವಾ ಸಾರ್?"

"ಚಮಚಾನೇ. ಮೂತಿ ಒಳಗೆ ಬಗ್ಗಿದೆ ನೋಡು."

ನನಗೆ ಮೈಯೆಲ್ಲ ಅರಳಿತು. ಯಾವುದೋ ದೇಶದವನು, ಯಾವುದೋ ಕಾಲದವನು, ಅವನೂ ನನ್ನ ಹಾಗೆ ಅಡುಗೆಮನೆಗೆ ಹೋಗಿ ಹೆಸರು ತಂದಿದ್ದ! ಸೌಟು, ಸೋರೆಬುರುಡೆ, ಸೊಸೆ, ಮಾವ ಎಲ್ಲವನ್ನೂ ಹೇಳಿದೆ. ದೊಡ್ಡವರು ಕೆಮ್ಮು ಬರುವವರೆಗೆ ನಕ್ಕರು.

"ಯಾರಪ್ಪ ಇಟ್ಟೋರು ಇದನ್ನೆಲ್ಲ?"

"ನಮ್ಮೋರೆಲ್ಲಾ ಹಂಗೇ ಅಂತಾರೆ ಸಾರ್."

ಯಾಕೆ ಹಾಗಂದೆ? ನಾನೇ ಅಂತ ನನ್ನ ಬಾಯಿಂದಲೇ ಹೇಳಿಕೊಂಡರೆ ಅದರ ತೂಕ ಹೋಗುತ್ತದೆ ಅಂದುಕೊಂಡೆ. ಅವರೇ ಕಂಡುಹಿಡಿಯಲಿ ಅನ್ನುವ ಜಂಬ. ಅವರು ಕಂಡುಹಿಡಿಯಲಿಲ್ಲ.

ಎರಡು ವರ್ಷದ ಹಿಂದೆ ಬಿಡದಿ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಮುಗಿದು ನನ್ನ ಬಾಮೈದ ಖಾಲಿ ಕೂತ. ಹೆಂಡತಿಯ ತಮ್ಮ, ಬಿ.ಎ. ಮಾಡಿದವನು. ಹೆಂಡತಿ ದಿನಾ ಹೇಳಿದಳು, ನಾನೇ ಕರೆದುಕೊಂಡು ಹೋಗಿ ಸೇರಿಸಿದೆ. ಚೀಲ ಹೊರುವುದು, ನೆರಳು ಎಲ್ಲಿ ಬೀಳದ ಹಾಗೆ ನಿಲ್ಲಬೇಕು, ಎಲ್ಲ ಕಲಿಸಿದೆ. ನಮ್ಮೋರೆಲ್ಲಾ ಹಂಗೇ ಅಂತಾರೆ ಅಂತ ಹೇಳಿ ಹೆಸರುಗಳನ್ನೂ ಕಲಿಸಿದೆ. ನಾನು ವರ್ಷಗಟ್ಟಲೆ ಮಾಡಿದ್ದನ್ನು ಅವನು ನಾಲ್ಕು ದಿನದಲ್ಲಿ ನಂಬರಿನ ಪಕ್ಕ ಬರೆದುಕೊಂಡು ಬಾಯಿಪಾಠ ಮಾಡಿದ.

ಅವನಿಗೆ ಇಂಗ್ಲಿಷ್ ಬರುತ್ತದೆ. ಹೊರಗಿನಿಂದ ಬಂದವರಿಗೆ ಮಾವನನ್ನು ಚೀಲದಿಂದ ಎಳೆದು ತೋರಿಸಿ ಕಥೆ ಹೇಳಲು ಶುರು ಮಾಡಿದ. ಅವರು ಬಿದ್ದು ಬಿದ್ದು ನಗುತ್ತಿದ್ದರು, ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ತನ್ನ ಅಪ್ಪನನ್ನೇ ಆಡಿಕೊಳ್ಳುತ್ತಿದ್ದೇನೆ ಅಂತ ಅವನಿಗೆ ಗೊತ್ತಿರಲಿಲ್ಲ. ಅದೊಂದೇ ನನಗಿದ್ದ ಸಮಾಧಾನ. ಉಳಿದಂತೆ ಅವನು ಬಾಯಿ ತೆರೆದಾಗಲೆಲ್ಲ ನಾನು ಚೆಂಡು ಹುಡುಕುವ ನೆಪದಲ್ಲಿ ಆಚೆ ಹೋಗುತ್ತಿದ್ದೆ.

ಆಮೇಲೆ ಕ್ಲಬ್ಬಿನವರ ಬೋರ್ಡು ಬಂತು. ಆಟ ಶುರುವಾಗುವ ಜಾಗದಲ್ಲಿ ಮರದ ಬೋರ್ಡು, ಹದಿನಾಲ್ಕು ಕೋಲಿನ ಇಂಗ್ಲಿಷ್ ಹೆಸರು, ಎದುರಿಗೆ ನನ್ನ ಹೆಸರುಗಳು. ಕೆಳಗೆ 'ಸಂಗ್ರಹ' ಅಂತ ಬರೆದು ನನ್ನ ಬಾಮೈದನ ಹೆಸರು.

ಆ ಸಂಜೆ ಹೆಂಡತಿ ಮುದ್ದೆ ಬಡಿಸುತ್ತಾ, "ನನ್ ತಮ್ಮನ್ ಹೆಸ್ರು ಬೋರ್ಡ್ ಮ್ಯಾಲೆ ಬಂದೈತಂತೆ, ನೀವು ಹೇಳ್ನೇ ಇಲ್ವಲ್ಲ?" ಅಂದಳು.

"ಏನ್ ಹೇಳೋದು?"

"ಅವ್ನು ಬಂದ್ ಎರ್ಡೊರ್ಸ ಆಗಿಲ್ಲ. ನೀವು ಅಷ್ಟ್ ವರ್ಸದಿಂದ ಇದ್ದೀರಿ, ನಿಮ್ದೇನಾರ ಬಂದೈತಾ?"

ಉಪ್ಪು ಜಾಸ್ತಿ ಅಂತ ಸಾರಿನ ಮೇಲೆ ರೇಗಿ ಎದ್ದುಹೋದೆ. ಸಾರು ಚೆನ್ನಾಗಿಯೇ ಇತ್ತು.

ಇಷ್ಟಕ್ಕೆ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಕಳೆದ ಚಳಿಗಾಲದಲ್ಲಿ ಕ್ಲಬ್ಬಿನವರು ಹಳೇ ಕಾಲದ ಮರದ ಹಿಡಿಯ ಕೋಲುಗಳಲ್ಲೇ ಆಡುವ ಆಟ ಇಟ್ಟರು. ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಹಿಂದಿನ ದಿನ ದೊಡ್ಡವರು ನನ್ನನ್ನು ಕರೆದು, "ನಾಳೆ ಚೀಲಕ್ಕೆ ನಿನ್ನ ಬಾಮೈದನ್ನ ಕಳಿಸಪ್ಪ. ಅವರಿಗೆಲ್ಲ ಇಂಗ್ಲಿಷಲ್ಲಿ ವಿವರಿಸೋಕೆ ಒಬ್ಬರು ಬೇಕು. ನೀನು ಮುಂದೆ ನಿಂತು ಚೆಂಡು ಎಲ್ಲಿ ಬೀಳುತ್ತೆ ನೋಡಿಕೋ" ಅಂದರು.

"ಆಗ್ಲಿ ಸಾರ್" ಅಂದೆ. ಹನ್ನೊಂದು ವರ್ಷ ಅವರ ಚೀಲ ಹೊತ್ತವನು ನಾನು.

ಮರುದಿನ ಮೂರನೇ ಕುಳಿಯ ಹತ್ತಿರ ದೊಡ್ಡವರ ಚೆಂಡು ಮರಳುಗುಂಡಿಗೆ ಬಿತ್ತು. ಆ ಗುಂಡಿಯ ಮುಂದಿನ ಗೋಡೆಗೆ ದಪ್ಪ ಹಲಗೆ ಕಟ್ಟಿದ್ದಾರೆ. ಚೆಂಡು ಹಲಗೆಯ ಬುಡದಲ್ಲೇ ಕೂತಿತ್ತು. ನಾನು ಬಾವುಟ ಹಿಡಿದು ಅಂಚಿನಲ್ಲಿ ನಿಂತಿದ್ದೆ. ಅತಿಥಿಗಳು ಸುತ್ತ ನೆರೆದರು. ದೊಡ್ಡವರು ಗುಂಡಿಗೆ ಇಳಿದು, ಕಣ್ಣು ಚೆಂಡಿನ ಮೇಲೆ ಇಟ್ಟು, ಕೈ ಹಿಂದಕ್ಕೆ ಚಾಚಿದರು.

ಬಾಮೈದ ಆ ಹಳೇ ಕ್ಯಾನ್ವಾಸ್ ಚೀಲ ನೋಡಿದ. ಏಳೂ ಕೋಲು ಕಂದು ಬಣ್ಣಕ್ಕೆ ತಿರುಗಿವೆ, ನಂಬರಿಲ್ಲ, ಕೆತ್ತಿದ್ದ ಅಕ್ಷರ ಸವೆದಿದೆ. ಅವನು ಬರೆದುಕೊಂಡ ಪಟ್ಟಿ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಮುಖ ಬೆವರಿತು. ನನ್ನ ಕಡೆ ತಿರುಗಿ ಕೇಳಿದ:

"ಭಾವ, ಇದ್ರಾಗೆ ಸೌಟು ಯಾವ್ದು?"

ಸೌಟು ಅಂದರೆ ಅಲ್ಲಿ ನಿಬ್ಲಿಕ್. ಕೊನೆಯಲ್ಲಿತ್ತು. ಅಗಲ ಮೂತಿದು ಅಂದಿದ್ದರೆ ಸಾಕಿತ್ತು. ಆದರೆ ಹಿಂದಕ್ಕೆ ಚಾಚಿದ ಆ ಕೈ ನನ್ನದಲ್ಲದ ಚೀಲದ ಕಡೆಗೆ ಚಾಚಿಕೊಂಡಿತ್ತು. ನಾನು ಅದನ್ನೇ ನೋಡುತ್ತಾ ಹೇಳಿದೆ:

"ಮಧ್ಯದ್ದು ಕಣ್ಲಾ."

ಮಧ್ಯದ್ದು ಮ್ಯಾಶಿ. ಚೆಂಡನ್ನು ಹೆಚ್ಚು ಎತ್ತದೆ ಮುಂದಕ್ಕೆ ಹೊಡೆಯುವ ಕೋಲು. ಬಾಮೈದ ಅದನ್ನು ಕೈಗೆ ಇಟ್ಟ. ದೊಡ್ಡವರು ಒಂದು ಕ್ಷಣ ತಡೆದರು. ಬೆರಳು ಹಿಡಿಯ ಮೇಲೆ ಸರಿದಾಡಿತು. ಆಮೇಲೆ ಬೀಸಿದರು. ಚೆಂಡು ಹಲಗೆಗೆ ಬಡಿದು ವಾಪಸ್ಸು ಬಂತು, ಕೋಲಿನ ತಲೆಯೂ ಹಲಗೆಗೆ ಬಡಿಯಿತು. ಒಣಗಿದ ಹಂಚಿಕಡ್ಡಿ ಮುರಿದಂಥ ಸದ್ದು. ಅವರ ತಂದೆಯ ಮ್ಯಾಶಿ ಕುತ್ತಿಗೆಯ ಹತ್ತಿರ ಎರಡಾಗಿತ್ತು.

ದೊಡ್ಡವರು ತುಂಡನ್ನು ಎತ್ತಿಕೊಂಡು ಮರಳು ಒರೆಸಿದರು. ಅತಿಥಿಗಳಲ್ಲಿ ಒಬ್ಬರು ನಕ್ಕರು, ಬಾಮೈದನ ಕಣ್ಣಲ್ಲಿ ನೀರು. ನಾನು ಎಷ್ಟು ದಿನದಿಂದ ಕಾದಿದ್ದೆ ಅವನು ಹೀಗೆ ನಿಲ್ಲುವುದನ್ನು ನೋಡಲು! ನೋಡಿದೆ. ಏನೂ ಸುಖ ಕಾಣಲಿಲ್ಲ.

ಆಟ ಮುಗಿದ ಮೇಲೆ ಹೋಗಿ, "ನಂಗ್ಕೊಡಿ ಸಾರ್, ಮಾಡ್ಕೊಡ್ತೀನಿ" ಅಂದೆ. ಕೊಟ್ಟರು.

ಕನಕಪುರದ ಹತ್ತಿರ ನೆಂಟರ ಮನೆ ಹಿತ್ತಲಲ್ಲಿ ಹಳೇ ಎತ್ತಿನ ಗಾಡಿಯೊಂದು ಬಿದ್ದಿತ್ತು. ಅದರ ನೊಗ ಕಟ್ಟುವ ಉದ್ದದ ಮೂಕಿ ದಿಂಡಿಗದ ಮರದ್ದು. ಕೊಡಲಿ ಕಾವಿಗೆ ಅದೇ ಆಗಬೇಕು ಅನ್ನುವ ಮರ, ಬಾಗುತ್ತದೆ, ಮುರಿಯುವುದಿಲ್ಲ. ಅದರಿಂದ ಒಂದು ಸೀಳು ತೆಗೆದು ಚನ್ನಪಟ್ಟಣದ ನನ್ನ ಹಳೇ ಶೆಡ್ಡಿಗೆ ಹೋದೆ. ಅಷ್ಟು ಉದ್ದದ ಕೋಲನ್ನು ಕಡೆಯುವ ಮಿಷನ್ನಿಗೆ ಕೊಟ್ಟರೆ ಹಾವಿನ ಹಾಗೆ ಒದ್ದಾಡುತ್ತದೆ. ಹಾಗಾಗಿ ಕೀಸುಳಿ ಹಿಡಿದು, ಆಮೇಲೆ ಗಾಜಿನ ಚೂರಿನಿಂದ ಹೆರೆದು, ಬುಡಕ್ಕೆ ದಪ್ಪ ತುದಿಗೆ ತೆಳು ಮಾಡಿದೆ. ಎರಡು ಭಾನುವಾರ ಹಿಡಿಯಿತು. ಮೇಲೆ ತೆಳ್ಳಗೆ ಅರಗು ಕೊಟ್ಟು ತಾಳೆಗರಿಯಿಂದ ತಿಕ್ಕಿ, ಮ್ಯಾಶಿಯ ಹಳೇ ಕಬ್ಬಿಣದ ತಲೆಯನ್ನು ಅದಕ್ಕೆ ಕೂರಿಸಿದೆ. ಕೈ ಕೆಲಸ ಮಾಡುತ್ತಿದ್ದಾಗ ತಲೆಯಲ್ಲಿ ಒಂದೇ ಮಾತು. ಕೊಡುವಾಗ ಹೇಳಬೇಕೋ, ಬೇಡವೋ.

ಕೊಟ್ಟೆ. ದೊಡ್ಡವರು ಎರಡು ಸಲ ಗಾಳಿಯಲ್ಲಿ ಬೀಸಿ ನೋಡಿ, "ಮೊದಲಿಗಿಂತ ಚೆನ್ನಾಗಿದೆಯಲ್ಲಪ್ಪ" ಅಂದರು.

"ಸಾರ್, ಅವತ್ತು ನಾನು ಬೇಕಂತ್ಲೇ ತೆಪ್ಪು ಹೇಳ್ದೆ."

ಅವರು ಕೋಲನ್ನು ಕೆಳಗಿಟ್ಟರು. "ನಿನ್ನ ದನಿ ಕೇಳಿಸ್ತು. ಕೈಗೆ ಬಂದ ಕೂಡಲೇ ಮ್ಯಾಶಿ ಅಂತ ಗೊತ್ತಾಯ್ತು. ಆದ್ರೆ ನೀನು ಹೇಳಿದ ಮೇಲೆ ಏನೋ ಲೆಕ್ಕಾಚಾರ ಇರುತ್ತೆ ಅಂತ ಆಡಿದೆ."

ಚೀಲ ಬೇರೆಯವನಿಗೆ ಕೊಟ್ಟಿದ್ದರೂ ನಂಬಿದ್ದು ನನ್ನನ್ನೇ. ಅದನ್ನೇ ನಾನು ಹಲಗೆಗೆ ಬಡಿಸಿದ್ದೆ.

"ಯಾಕಪ್ಪ ಹಾಗೆ ಮಾಡಿದೆ?"

"ಆ ಹೆಸ್ರೆಲ್ಲಾ ನಾನಿಟ್ಟಿದ್ದು ಸಾರ್. ಬೋರ್ಡ್‌ನಾಗಿರೋವು."

ದೊಡ್ಡವರು ನನ್ನ ಕಡೆ ತಿರುಗಿದರು. "ಕೇಳಿದ್ನಲ್ಲಪ್ಪ ನಾನು, ಆವತ್ತೇ. ಬಾಯಲ್ಲಿ ಏನಿತ್ತು?"

ಆಮೇಲೆ ಅವರೇ ಕೋಲನ್ನು ಎತ್ತಿ ನನ್ನ ಕೈಗೆ ಇಟ್ಟರು. "ಇದು ಇನ್ನು ಮ್ಯಾಶಿ ಅಲ್ಲ, ಅರ್ಧ ನಿಂದು. ಒಂದು ಹೆಸರಿಡು."

"ಬಾಮೈದ ಅನ್ನಿ ಸಾರ್."

"ಅದ್ಯಾಕೆ?"

"ಬುಟ್ಟಾಕಕ್ಕಾಗಕಿಲ್ಲ. ಮುರುದ್ರೆ ನಾವೇ ಜೋಡುಸ್ಬೇಕು."

ದೊಡ್ಡವರು ಮತ್ತೆ ಕೆಮ್ಮುವವರೆಗೆ ನಕ್ಕರು. ಆ ನಗು ಕ್ಲಬ್ಬೆಲ್ಲ ಸುತ್ತಿ ಬಾಮೈದನ ಕಿವಿಗೂ ಹೋಯಿತು. ಶೆಡ್ಡಿನಲ್ಲಿ ನಾನು ಕೋಲು ಒರೆಸುತ್ತಿದ್ದಾಗ ಬಂದು ನಿಂತ.

"ಭಾವ, ಹೊಸಾ ಹೆಸ್ರಂತೆ. ಬೋರ್ಡ್‌ಗೆ ಸೇರುಸ್ಲಾ?"

"ಸೇರ್ಸು. ಯಾರಿಟ್ಟಿದ್ದು ಅಂತ್ಲೂ ಬರ್ಸು."

"ನೀವಂತಲ್ಲ, ದೊಡ್ಡೋರು ಹೇಳುದ್ರು."

"ಅದೊಂದೇ ಅಲ್ಲ ಕಣ್ಲಾ. ಎಲ್ಲಾ ನಾನಿಟ್ಟಿದ್ದು."

ಅವನು ಬೆಪ್ಪಾಗಿ ನಿಂತ. "ನೀವ್ಯಾವತ್ತೂ ಹೇಳ್ನೇ ಇಲ್ವಲ್ಲ! ನಮ್ಮೋರೆಲ್ಲಾ ಹಂಗೇ ಅಂತಾರೆ ಅಂತ ನೀವೇ ಹೇಳಿದ್ರಿ. ಹೇಳಿದ್ರೆ ನಾನ್ಯಾಕೆ ನನ್ ಹೆಸ್ರು ಬರ್ಸ್ಕೋತಿದ್ದೆ?" ಹೇಳುತ್ತಾ ಹೇಳುತ್ತಾ ಅವನ ಹುಬ್ಬು ಮೇಲೆ ಹೋಯಿತು. "ಅಂಗಾರೆ ಭಾವ... ಆ ಮಾವ ಯಾರು?"

ನಾನು ತಲೆ ಎತ್ತದೆ ಸೌಟನ್ನು ಒರೆಸಿದೆ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಮುಂದಿನ ವಾರ ಬೋರ್ಡಿಗೆ ಹದಿನೈದನೇ ಸಾಲು ಬಂತು. ಎರಡೇ ಎರಡು ಸಾಲಿನ ಮುಂದೆ, ಹೆಸರಿಟ್ಟವರು ಅಂತ ಚಿಕ್ಕ ಅಕ್ಷರದಲ್ಲಿ ನನ್ನ ಹೆಸರು ಇದೆ. ಒಂದು ಬಾಮೈದ, ಇನ್ನೊಂದು ಮಾವ. ಉಳಿದ ಹದಿಮೂರು ಈಗಲೂ ಅವನ ಸಂಗ್ರಹ. ಪೇಂಟರಿಗೆ ಜಾಗ ಸಾಲಲಿಲ್ಲವಂತೆ. ಜಾಗ ಇತ್ತು, ನಾನು ಗೇಣು ಹಾಕಿ ನೋಡಿದ್ದೇನೆ. ಬಾಮೈದ ಅದರ ಫೋಟೋ ಹೊಡೆದು ಹೊಂಗನೂರಿಗೆ ತನ್ನ ಅಪ್ಪನಿಗೂ ಕಳಿಸಿದ್ದಾನೆ. ಮಾವನವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಮೊದಲೂ ಹೆಚ್ಚು ಆಡುತ್ತಿರಲಿಲ್ಲ.

ದೊಡ್ಡವರ ಚೀಲ ಮತ್ತೆ ನನ್ನ ಹೆಗಲಿಗೆ ಬಂದಿದೆ. ಕೈ ಮೊದಲಿನ ಹಾಗೆಯೇ ಹಿಂದಕ್ಕೆ ಚಾಚುತ್ತಾರೆ. ಆದರೆ ಈಗ ಬೀಸುವ ಮುಂಚೆ ಒಂದು ಸಲ ತಲೆ ಬಗ್ಗಿಸಿ ಕೋಲನ್ನು ನೋಡಿಕೊಳ್ಳುತ್ತಾರೆ.